ಆ ಕಲ್ಲಿನ ಮೇಲೆ ಸ್ಯಾಮ್ ಶಾರ್ಪ್ ಯಾಕಿಲ್ಲ?

ಪ್ರಶ್ನೆ: ಮಗಳು ಅಳಿಯ ಫ್ಲೋರಿಡಾದಲ್ಲಿದ್ದಾರೆ. ಈ ಸಲ ಹೋದಾಗ ಅವರ ಜೊತೆ ಹಡಗಿನಲ್ಲಿ ಜಮೈಕಾದ ಫಾಲ್ಮತ್ ಎಂಬ ಊರಿಗೆ ಹೋಗಿದ್ದೆವು. ಅಲ್ಲಿ ವಿಲಿಯಂ ನಿಬ್ ಎಂಬುವರ ಹೆಸರಿನ ಒಂದು ಬ್ಯಾಪ್ಟಿಸ್ಟ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಚರ್ಚಿದೆ. ಒಳಗೆ ಕೆತ್ತನೆಯ ಅಮೃತಶಿಲೆಯ ಫಲಕ ಇದೆ. ಗುಲಾಮರ ಸರಪಳಿಯನ್ನು ಇಲ್ಲೇ ಹೂತರು ಎಂದು ಗೈಡ್ ಹೇಳಿದ. ಅಷ್ಟರಲ್ಲಿ ಹಡಗಿಗೆ ಹೊತ್ತಾಯಿತು, ಹೊರಟುಬಿಟ್ಟೆವು. ಗುಲಾಮಗಿರಿ ಕೊನೆಯಾಗಿದ್ದು ಈ ಚರ್ಚಿನಿಂದಲೇ? ಅಮೆರಿಕದ ಬ್ಯಾಪ್ಟಿಸ್ಟರು ಗುಲಾಮಗಿರಿಯ ಪರ ಇದ್ದರು ಎಂದು ಅಳಿಯ ವಾದ ಮಾಡುತ್ತಾನೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿ. ಆದರೆ ಗೈಡ್ ಹೇಳದೆ ಬಿಟ್ಟ ಭಾಗವೇ ಈ ಕಥೆಯಲ್ಲಿ ಮುಖ್ಯ. ಅದನ್ನು ಆ ಫಲಕದಿಂದಲೇ ಶುರು ಮಾಡೋಣ. ನೀವು ಅದನ್ನು ಕಣ್ಣಾರೆ ನೋಡಿದ್ದೀರಲ್ಲ, ಅನುಕೂಲವಾಯಿತು.

ಫಲಕದ ಮೇಲುಗಡೆ ಮೂರು ಮುಖಗಳಿವೆ: ಗ್ರ್ಯಾನ್ವಿಲ್ ಶಾರ್ಪ್, ಜೋಸೆಫ್ ಸ್ಟರ್ಜ್, ವಿಲಿಯಂ ವಿಲ್ಬರ್‌ಫೋರ್ಸ್. ಮೂವರೂ ಇಂಗ್ಲೆಂಡಿನವರು, ಮೂವರೂ ಗುಲಾಮಗಿರಿಯ ವಿರುದ್ಧ ದುಡಿದವರು. ಕೆಳಗೆ ಇಬ್ಬರು ಆಫ್ರಿಕನ್ನರು ಮುರಿದ ಸರಪಳಿ ಮತ್ತು ಚಾವಟಿಯನ್ನು ಮಣ್ಣು ಮಾಡುತ್ತಿದ್ದಾರೆ. ಒಬ್ಬ ಬೈಬಲ್ ಹಿಡಿದಿದ್ದಾನೆ. ಒಬ್ಬ ತಾಯಿ ತನ್ನ ಕೂಸನ್ನು ಮುದ್ದಾಡುತ್ತಿದ್ದಾಳೆ. ಆ ಕೂಸು ಇನ್ನು ಅವಳದೇ, ಯಾರೂ ಮಾರುವ ಹಾಗಿಲ್ಲ. ನಡುವೆ 1838ರ ಆಗಸ್ಟ್ 1ರ ದಿನಾಂಕ. ಇದನ್ನು ಇಡಿಸಿದವರು ಬಿಡುಗಡೆಯಾದ ಆಫ್ರಿಕದ ಮಕ್ಕಳು ಎಂದೂ ಅದರ ಮೇಲೆಯೇ ಬರೆದಿದೆ.

ಸರಿ, ಆ ಕಲ್ಲಿನ ಮೇಲೆ ಯಾರಿಲ್ಲ ಎಂದು ನೋಡಿ. ಸ್ಯಾಮ್ಯುಯೆಲ್ ಶಾರ್ಪ್ ಇಲ್ಲ. ಗ್ರ್ಯಾನ್ವಿಲ್ ಶಾರ್ಪ್ ಅಲ್ಲ, ಅವನೇ ಬೇರೆ. ಇವನು ಜಮೈಕಾದ ಗುಲಾಮ, ಪಕ್ಕದ ಮಾಂಟೆಗೊ ಬೇ ಊರಿನ ಬ್ಯಾಪ್ಟಿಸ್ಟ್ ಚರ್ಚಿನ ಡೀಕನ್, ಅಂದರೆ ಪಾದ್ರಿಗೆ ನೆರವಾಗುವ ಸಭೆಯ ಹಿರಿಯ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ಕೆತ್ತಬೇಕಾಗಿದ್ದು ಅವನ ಮುಖ. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಮೈಕಾಕ್ಕೆ ಬ್ಯಾಪ್ಟಿಸ್ಟ್ ಧರ್ಮವನ್ನು ತಂದವರು ಬಿಳಿಯ ಪಾದ್ರಿಗಳು ಎಂದು ಜಾಸ್ತಿ ಜನ ತಿಳಿದಿದ್ದಾರೆ. ತಂದವನು ಜಾರ್ಜ್ ಲೈಲ್. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು. ಅವನನ್ನು ಜಾರ್ಜಿಯಾಕ್ಕೆ ಕರೆತಂದ ಯಜಮಾನ ಹೆನ್ರಿ ಶಾರ್ಪ್ ಸ್ವತಃ ಬ್ಯಾಪ್ಟಿಸ್ಟ್ ಡೀಕನ್. (ಹೌದು, ಮೂರನೇ ಶಾರ್ಪ್. ನಾನೇನು ಮಾಡಲಿ, ಈ ಕಥೆ ಇರುವುದೇ ಹೀಗೆ.) ಲೈಲ್ ಚೆನ್ನಾಗಿ ಬೋಧಿಸುತ್ತಾನೆ ಎಂದು ಯಜಮಾನ ಅವನಿಗೆ ಬಿಡುಗಡೆ ಕೊಟ್ಟ. ಆಮೇಲೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂತು. ಯಜಮಾನ ಬ್ರಿಟಿಷರ ಪರ ಕಾದಾಡಿ ಸತ್ತ. ಅವನ ವಾರಸುದಾರರು ಲೈಲ್‌ನನ್ನು ಮತ್ತೆ ಗುಲಾಮನಾಗಿ ಹಿಡಿಯಲು ಬಂದರು. ಒಬ್ಬ ಬ್ರಿಟಿಷ್ ಕರ್ನಲ್ ಹತ್ತಿರ ಸಾಲ ಮಾಡಿ, ಆ ಸಾಲ ತೀರುವ ತನಕ ದುಡಿಯುತ್ತೇನೆಂದು ಒಪ್ಪಿ, ಲೈಲ್ 1780ರ ದಶಕದ ಆರಂಭದಲ್ಲಿ ಹೆಂಡತಿ ಮಕ್ಕಳ ಜೊತೆ, ಆಗ ಬ್ರಿಟಿಷರ ವಸಾಹತಾಗಿದ್ದ ಜಮೈಕಾದ ಕಿಂಗ್‌ಸ್ಟನ್‌ಗೆ ಬಂದಿಳಿದ. ಸಾಲ ತೀರಿಸಿ, ಊರಿನ ಕುದುರೆ ರೇಸಿನ ಮೈದಾನದಲ್ಲಿ ಬೋಧನೆ ಶುರು ಮಾಡಿದ.

ವಿಲಿಯಂ ಕೇರಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೊರಟಿದ್ದು 1793ರಲ್ಲಿ. ಅಂದರೆ ಬ್ಯಾಪ್ಟಿಸ್ಟರ ಮೊದಲ ಮಿಷನರಿ ಎಂದು ಹೆಸರಾದ ಕೇರಿಗಿಂತ ಹತ್ತು ವರ್ಷ ಮೊದಲೇ ಒಬ್ಬ ಮಾಜಿ ಗುಲಾಮ ಸಮುದ್ರ ದಾಟಿ ಆ ಕೆಲಸಕ್ಕೆ ನಿಂತಿದ್ದ. ಸಂಬಳ ಇಲ್ಲ, ಹಿಂದೆ ಯಾವ ಸಂಸ್ಥೆಯೂ ಇಲ್ಲ. ಹೊಲ ಮಾಡಿದ, ಗಾಡಿ ಹೊಡೆದ, ಹೊಟ್ಟೆ ಹೊರೆದುಕೊಂಡು ಕಿಂಗ್‌ಸ್ಟನ್‌ನಲ್ಲಿ ಚರ್ಚು ಕಟ್ಟಿದ. ಬಹಳ ಹುಷಾರಿನ ಮನುಷ್ಯ. ಯಜಮಾನರ ಒಪ್ಪಿಗೆ ಇಲ್ಲದೆ ಯಾವ ಗುಲಾಮನನ್ನೂ ಸಭೆಗೆ ಸೇರಿಸುವುದಿಲ್ಲ ಎಂದು ನಿಯಮ ಮಾಡಿಕೊಂಡ. ಚರ್ಚಿಗೆ ಒಂದು ಗಂಟೆ ಕೊಂಡು ತಂದ. ಸಭೆ ಯಾವಾಗ ಸೇರುತ್ತದೆ, ಯಾವಾಗ ಬಿಡುತ್ತದೆ ಎಂದು ಯಜಮಾನರಿಗೂ ಕೇಳಿಸಲಿ, ಸುಮ್ನೆ ಅನುಮಾನ ಬೇಡ ಎಂಬುದು ಲೆಕ್ಕ. ಇಷ್ಟಾದರೂ ಜೈಲು ತಪ್ಪಲಿಲ್ಲ.

ಲೈಲ್‌ನ ಶಿಷ್ಯ ಮೋಸೆಸ್ ಬೇಕರ್ ದ್ವೀಪದ ಪಶ್ಚಿಮಕ್ಕೆ, ಸಕ್ಕರೆ ತೋಟಗಳ ಸೀಮೆಗೆ ಹೋದ. ಅಲ್ಲಿ ಒಬ್ಬ ಕ್ವೇಕರ್ (ಇನ್ನೊಂದು ಕ್ರೈಸ್ತ ಪಂಗಡ) ಮಾಲೀಕ ತನ್ನ ಗುಲಾಮರಿಗೆ ಬೋಧಿಸಲು ಅವನನ್ನು ಕರೆಸಿಕೊಂಡಿದ್ದ. ಜನ ಜಾಸ್ತಿಯಾದರು, ಕಾನೂನಿನ ಕಾಟವೂ ಜಾಸ್ತಿಯಾಯಿತು. ಕಪ್ಪು ಬೋಧಕರಿಗೆ ಲೈಸೆನ್ಸು ಕೊಡಲು ಅಲ್ಲಿನ ಶಾಸನಸಭೆ ಒಪ್ಪುತ್ತಿರಲಿಲ್ಲ. ಹಾಗಾಗಿ ಇವರೇ ಇಂಗ್ಲೆಂಡಿನ ಬ್ಯಾಪ್ಟಿಸ್ಟರಿಗೆ ಕಾಗದ ಬರೆದು ನೆರವು ಕೇಳಿದರು. 1814ರಲ್ಲಿ ಮೊದಲ ಇಂಗ್ಲಿಷ್ ಮಿಷನರಿ ಜಾನ್ ರೋ ಬಂದ. ಅವನು ನೆಲೆ ನಿಂತಿದ್ದು ನಿಮ್ಮ ಫಾಲ್ಮತ್‌ನಲ್ಲೇ. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡ. ಬಿಳಿ ಮಿಷನರಿಗಳು ಬರುವ ಹೊತ್ತಿಗೆ ಸಭೆ ಇತ್ತು, ಹಾಡು ಇತ್ತು, ಹಿರಿಯರು ಇದ್ದರು. ಬಂದವರು ಸಿದ್ಧವಾಗಿದ್ದ ಮನೆಗೆ ಬಂದರು.

ಈ ಮಿಷನರಿಗಳನ್ನು ಕಳಿಸಿದ ಸೊಸೈಟಿ ಹುಟ್ಟಿದ್ದು 1792ರ ಅಕ್ಟೋಬರ್ 2ರಂದು, ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಒಬ್ಬ ವಿಧವೆಯ ಮನೆಯ ಪಡಸಾಲೆಯಲ್ಲಿ. ಅಂದು ಕೂಡಿದ್ದು 13 ಪೌಂಡು ಚಿಲ್ಲರೆ ಚಂದಾ. ಅದನ್ನು ಹುಟ್ಟುಹಾಕಿದವರಲ್ಲಿ ಚಪ್ಪಲಿ ಹೊಲಿಯುವ ಕಸುಬಿನಿಂದ ಬಂದ ವಿಲಿಯಂ ಕೇರಿಯೂ ಒಬ್ಬ. ಗುಲಾಮರ ರಕ್ತದ ಸಕ್ಕರೆ ಬೇಡ ಎಂದು ಆಗ ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳು ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟಿದ್ದವು. ಆ ಉಳಿತಾಯದ ದುಡ್ಡನ್ನು ಮಿಷನ್‌ಗೆ ಕೊಡಿ ಎಂದು ಕೇರಿ ಆ ವರ್ಷವೇ ಬರೆದಿದ್ದ. ಕನ್ನಡಿಗರಿಗೆ ಕೇರಿ ಅಪರಿಚಿತನಲ್ಲ: ಸೆರಾಂಪುರದಲ್ಲಿ ಕೂತು 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದವನು ಅವನೇ.

ಅದೇ ಕೆಟರಿಂಗ್‌ನಲ್ಲಿ 1803ರಲ್ಲಿ ಹುಟ್ಟಿದವನು ವಿಲಿಯಂ ನಿಬ್. ಬ್ರಿಸ್ಟಲ್‌ನಲ್ಲಿ ಅಚ್ಚುಕೂಟದ ಕೆಲಸ ಕಲಿತ. ಅಣ್ಣ ಥಾಮಸ್ ಕಿಂಗ್‌ಸ್ಟನ್‌ನಲ್ಲಿ ಶಾಲಾ ಮೇಷ್ಟರಾಗಿದ್ದವನು ಸತ್ತುಹೋದ. ಆ ಜಾಗಕ್ಕೆ ತಮ್ಮ ಹೊರಟ. 1825ರಲ್ಲಿ ಜಮೈಕಾ ತಲುಪಿದ. ಹೊರಡುವಾಗ ಸೊಸೈಟಿ ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಅವನಿಗೂ ಹೇಳಿ ಕಳಿಸಿತ್ತು: ಅಲ್ಲಿನ ರಾಜಕೀಯಕ್ಕೆ ತಲೆ ಹಾಕಬೇಡ. ಆಗ ಜಮೈಕಾದಲ್ಲಿ 3 ಲಕ್ಷಕ್ಕೂ ಹೆಚ್ಚು ಗುಲಾಮರು. ಗುಲಾಮರ ವ್ಯಾಪಾರವನ್ನು ಬ್ರಿಟನ್ 1807ರಲ್ಲೇ ನಿಲ್ಲಿಸಿತ್ತು, ಗುಲಾಮಗಿರಿಯನ್ನಲ್ಲ.

ನಿಬ್ ಎಂಥವನು ಎಂದು ತಿಳಿಯಲು 1830ರ ಒಂದು ಪ್ರಸಂಗ ಸಾಕು. ಸವಾನಾ ಲಾ ಮಾರ್ ಎಂಬ ಊರಿನಲ್ಲಿ ಸ್ಯಾಮ್ ಸ್ವೈನಿ ಎಂಬ ಗುಲಾಮ ಬ್ಯಾಪ್ಟಿಸ್ಟ್ ಡೀಕನ್ ಆಗಿದ್ದ. ಈಸ್ಟರ್ ಸಮಯದಲ್ಲಿ ಪಾದ್ರಿ ಕಾಯಿಲೆ ಬಿದ್ದಿದ್ದ, ಜನ ಸೇರಿದ್ದರು, ಸ್ವೈನಿ ಪ್ರಾರ್ಥನೆ ಮಾಡಿದ. ಲೈಸೆನ್ಸಿಲ್ಲದೆ ಬೋಧನೆ ಮಾಡಿದ ಎಂದು ಕೇಸು ಹಾಕಿದರು. ನಾನು ದೇವರ ಹತ್ತಿರ ಮಾತಾಡಿದೆ, ಜನರ ಹತ್ತಿರ ಅಲ್ಲ ಎಂಬ ಅವನ ವಾದ ಮ್ಯಾಜಿಸ್ಟ್ರೇಟರ ಕಿವಿಗೆ ಬೀಳಲಿಲ್ಲ. 20 ಛಡಿಯೇಟು, ಆಮೇಲೆ ಕಾಲಿಗೆ ಸರಪಳಿ ಹಾಕಿ ರಸ್ತೆ ಕೆಲಸ. ಏಟು ಬೀಳುವಾಗ ನಿಬ್ ಅಲ್ಲೇ ನಿಂತಿದ್ದ. ಬೆನ್ನು ಸುಲಿದುಹೋದವನನ್ನು ಇನ್ನೊಬ್ಬ ಕೈದಿಯ ಜೊತೆ ಸರಪಳಿಗೆ ಬಿಗಿದು ಬೀದಿಗೆ ಎಳೆದಾಗ ನಿಬ್ ಅವನ ಪಕ್ಕಕ್ಕೆ ಹೋಗಿ ಎಲ್ಲರೆದುರು ಕೈ ಕುಲುಕಿದ. ಊರ ಉದ್ದಕ್ಕೂ ಅವನ ಜೊತೆ ಹೆಜ್ಜೆ ಹಾಕಿದ. ಬಿಳಿ ಪಾದ್ರಿಯೊಬ್ಬ ಬೇಡಿ ತೊಟ್ಟ ಗುಲಾಮನ ಕೈ ಹಿಡಿದು ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ನಡೆಯುವುದು ಆ ಕಾಲದ ಜಮೈಕಾದಲ್ಲಿ ಸಣ್ಣ ಮಾತಾಗಿರಲಿಲ್ಲ. ಅಲ್ಲಿಗೆ ಬಿಡಲಿಲ್ಲ ಪುಣ್ಯಾತ್ಮ. ನಡೆದದ್ದನ್ನೆಲ್ಲ ಪತ್ರಿಕೆಗೆ ಬರೆದ. ಅದೇ ವರ್ಷ ಫಾಲ್ಮತ್ ಸಭೆಯ ಪಾದ್ರಿಯಾದ.

ಈಗ ಸ್ಯಾಮ್ ಶಾರ್ಪ್ ಕಡೆಗೆ ಬರೋಣ. ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಒಂದು ವ್ಯವಸ್ಥೆ ಇತ್ತು. ಪಾದ್ರಿಗಳು ಬೆರಳೆಣಿಕೆಯಷ್ಟು, ಸಭೆಯವರು ಸಾವಿರಾರು, ತೋಟಗಳು ಮೈಲಿಗಟ್ಟಲೆ ದೂರ. ಅದಕ್ಕೆ ಪ್ರತಿ ತೋಟದಲ್ಲೂ ಗುಲಾಮರಲ್ಲೇ ಒಬ್ಬನನ್ನು ಲೀಡರ್ ಮಾಡುತ್ತಿದ್ದರು. ಸದಸ್ಯರಿಗೆ ಸಣ್ಣ ಟಿಕೆಟ್ ಕೊಡುತ್ತಿದ್ದರು, ಮೂರು ತಿಂಗಳಿಗೊಮ್ಮೆ ಹೊಸದು. ಲೀಡರ್ ವಾರದ ರಾತ್ರಿಗಳಲ್ಲಿ ತನ್ನ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗಲೂ ಗುಲಾಮನಿಗೆ ಚೀಟಿ ಬೇಕಾಗಿದ್ದ ಕಾಲದಲ್ಲಿ ಇಡೀ ಪಶ್ಚಿಮ ಜಮೈಕಾವನ್ನು ಒಂದಕ್ಕೊಂದು ಹೆಣೆದ ದೊಡ್ಡ ಜಾಲ ಇದು. ಪಾದ್ರಿಗಳು ಅದನ್ನು ಭಜನೆಗೆ ಅಂತ ಕಟ್ಟಿದರು. ಶಾರ್ಪ್ ಅದರಲ್ಲಿ ಬೇರೆಯದನ್ನೇ ಕಂಡ.

ಶಾರ್ಪ್ ಮಾಂಟೆಗೊ ಬೇ ಊರಲ್ಲಿ ಮನೆಗೆಲಸದ ಗುಲಾಮ. ಓದು ಬರಹ ಬಲ್ಲವನು. ಜನ ಡ್ಯಾಡಿ ಶಾರ್ಪ್ ಎಂದು ಕರೆಯುತ್ತಿದ್ದರು. ಲಂಡನ್ ಪಾರ್ಲಿಮೆಂಟಿನಲ್ಲಿ ಗುಲಾಮಗಿರಿ ಬಗ್ಗೆ ಏನು ಚರ್ಚೆ ನಡೆಯುತ್ತಿದೆ ಎಂದು ಪೇಪರಿನಲ್ಲಿ ಓದುತ್ತಿದ್ದ. ರಾಜರು ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದ್ದಾರೆ, ತೋಟದ ಮಾಲೀಕರು ಬಚ್ಚಿಟ್ಟಿದ್ದಾರೆ ಎಂಬ ಸುದ್ದಿ 1831ರಲ್ಲಿ ಕೇರಿಗಳಲ್ಲೆಲ್ಲ ಹರಡಿತ್ತು. ಅಂಥ ಕಾಗದ ಯಾವುದೂ ಇರಲಿಲ್ಲ. ಮಾಲೀಕರು ಮಾತ್ರ ಬಹಿರಂಗ ಸಭೆ ಸೇರಿ ಬ್ರಿಟಿಷ್ ಸರ್ಕಾರವನ್ನೇ ಬೈಯುತ್ತಿದ್ದರು. ಅದನ್ನು ಕೇಳಿದ ಗುಲಾಮರಿಗೆ ಸುದ್ದಿ ನಿಜವೇ ಇರಬೇಕು ಅನಿಸಿತು.

ಶಾರ್ಪ್‌ನ ಯೋಜನೆ ಮುಷ್ಕರ. ಪ್ರಾರ್ಥನೆ ಮುಗಿದ ಮೇಲೆ ಆಯ್ದ ಕೆಲವರನ್ನು ಉಳಿಸಿಕೊಂಡು ಬೈಬಲ್ ಮುಟ್ಟಿ ಆಣೆ ಮಾಡಿಸುತ್ತಿದ್ದ: ಕ್ರಿಸ್ಮಸ್ ರಜೆ ಮುಗಿದ ಮೇಲೆ ಕೂಲಿ ಕೊಟ್ಟರೆ ಕೆಲಸ, ಇಲ್ಲದಿದ್ದರೆ ಇಲ್ಲ. ಸಮಯ ನೋಡಿ ಆರಿಸಿದ್ದ. ಕ್ರಿಸ್ಮಸ್ ಕಳೆದರೆ ಅಲ್ಲಿ ಕಬ್ಬು ನುರಿಸುವ ಹಂಗಾಮು. ಕಬ್ಬು ಬೆಳೆದವರಿಗೆ ನಾನು ಹೇಳಬೇಕಿಲ್ಲ: ಕಡಿದ ಕಬ್ಬು ಒಂದೆರಡು ದಿನಕ್ಕಿಂತ ಜಾಸ್ತಿ ಬಿದ್ದರೆ ರಸ ಕೆಡುತ್ತದೆ, ಕಡಿಯದೆ ಬಿಟ್ಟರೆ ಇಳುವರಿ ಹೋಗುತ್ತದೆ. ಗಾಣ ನಿಂತರೆ ಮಾಲೀಕನ ವರ್ಷದ ಆದಾಯವೇ ಹೋಯಿತು. ಎದುರಾಳಿಯ ನಾಡಿ ಎಲ್ಲಿದೆ ಎಂದು ತಿಳಿದೇ ಹಿಡಿದಿದ್ದ.

ಡಿಸೆಂಬರ್ 27ರಂದು ಸಾಲ್ಟರ್ಸ್ ಹಿಲ್ ಎಂಬಲ್ಲಿ ಹೊಸ ಚರ್ಚಿನ ಪ್ರಾರಂಭೋತ್ಸವ. ನಿಬ್‌ಗೆ ಗುಸುಗುಸು ತಲುಪಿತ್ತು. ವೇದಿಕೆ ಮೇಲೆ ನಿಂತು, ಬಿಡುಗಡೆಯ ಕಾಗದ ಬಂದಿಲ್ಲ, ದಯವಿಟ್ಟು ಕೆಲಸಕ್ಕೆ ಹೋಗಿ ಎಂದು ಬೇಡಿಕೊಂಡ. ಜನಕ್ಕೆ ಸಿಟ್ಟು ಬಂತು. ಮಾಲೀಕರು ಇವನಿಗೂ ದುಡ್ಡು ಕೊಟ್ಟಿರಬೇಕು ಎಂದು ಮಾತಾಡಿಕೊಂಡರು. ಗುಲಾಮರ ಬಂಧು ಎಂದು ಇವತ್ತು ನಾವು ಹೊಗಳುವ ಮನುಷ್ಯ ಆ ದಿನ ಗುಲಾಮರ ಮುಷ್ಕರವನ್ನು ತಡೆಯಲು ಹೊರಟಿದ್ದ. ಅವನ ಪರವಾಗಿ ಬರೆಯುವವರು ಇದನ್ನು ಬೇಗ ಬೇಗ ದಾಟಿಬಿಡುತ್ತಾರೆ. ದಾಟಬಾರದು.

ಅದೇ ಸಂಜೆ ಬೆಟ್ಟದ ಮೇಲಿನ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿತ್ತು. ಮುಷ್ಕರ ಶಾರ್ಪ್‌ನ ಕೈ ಮೀರಿತು. ರಾತ್ರಿಯೆಲ್ಲ ಒಂದಾದ ಮೇಲೆ ಒಂದು ತೋಟ ಉರಿಯಿತು. ಭಾಗವಹಿಸಿದವರು 20,000 ಎಂದು ಕೆಲವರು, 60,000 ಎಂದು ಕೆಲವರು ಅಂದಾಜು ಮಾಡುತ್ತಾರೆ. ಬ್ರಿಟಿಷ್ ಸಾಮ್ರಾಜ್ಯದ ಕೆರಿಬಿಯನ್ ದ್ವೀಪಗಳಲ್ಲಿ ಇಷ್ಟು ದೊಡ್ಡ ಗುಲಾಮ ದಂಗೆ ಆಗಿರಲಿಲ್ಲ. ಜನರ ಬಾಯಲ್ಲಿ ಅದಕ್ಕೆ ಬ್ಯಾಪ್ಟಿಸ್ಟ್ ಯುದ್ಧ ಎಂದೇ ಹೆಸರು. ಸತ್ತ ಬಿಳಿಯರು 14. ದಂಗೆಯಲ್ಲಿ ಸೈನ್ಯ ಕೊಂದ ಗುಲಾಮರು 200ಕ್ಕೂ ಹೆಚ್ಚು. ಆಮೇಲೆ ನಿಮಿಷಗಳಲ್ಲಿ ವಿಚಾರಣೆ ಮುಗಿಸಿ ಗಲ್ಲಿಗೇರಿಸಿದವರು 300ಕ್ಕೂ ಹೆಚ್ಚು. ಎಲ್ಲವನ್ನೂ ಹೊತ್ತುಕೊಂಡು ನಿಂತವನು ಶಾರ್ಪ್. ಜೈಲಿನಲ್ಲಿ ಅವನನ್ನು ಭೇಟಿಯಾದ ಮೆಥೊಡಿಸ್ಟ್ ಪಾದ್ರಿ ಹೆನ್ರಿ ಬ್ಲೆಬಿಗೆ ಅವನು ಹೇಳಿದ ಮಾತು ಉಳಿದಿದೆ: ಗುಲಾಮನಾಗಿ ಬದುಕುವುದಕ್ಕಿಂತ ಅಗೋ ಆ ಗಲ್ಲುಗಂಬದ ಮೇಲೆ ಸಾಯುವುದೇ ಮೇಲು. 1832ರ ಮೇ 23ರಂದು ಮಾಂಟೆಗೊ ಬೇ ಮಾರುಕಟ್ಟೆ ಚೌಕದಲ್ಲಿ ಗಲ್ಲಿಗೇರಿಸಿದರು. ಆಸ್ತಿ ನಷ್ಟವಾಯಿತಲ್ಲ ಎಂದು ಅವನ ಯಜಮಾನರಿಗೆ 16 ಪೌಂಡು 10 ಶಿಲಿಂಗ್ ಪರಿಹಾರ ಕೊಟ್ಟರು.

ಕೆಲಸಕ್ಕೆ ಹೋಗಿ ಎಂದ ನಿಬ್‌ನನ್ನೂ ಬಿಡಲಿಲ್ಲ. ಜನವರಿಯ ಮೊದಲ ವಾರದಲ್ಲೇ ಹಿಡಿದು, ತೆರೆದ ದೋಣಿಯಲ್ಲಿ ಕೂರಿಸಿ ಮಾಂಟೆಗೊ ಬೇಗೆ ಒಯ್ದರು. ಶಾರ್ಪ್‌ನ ಪಾದ್ರಿ ಥಾಮಸ್ ಬರ್ಚೆಲ್ ಇಂಗ್ಲೆಂಡಿನಿಂದ ವಾಪಸು ಬಂದಿದ್ದು ದಂಗೆ ಮುಗಿಯುವಾಗ. ಅವನನ್ನು ಹಡಗಿನಲ್ಲೇ ಬಂಧಿಸಿದರು. ತೋಟದ ಮಾಲೀಕರು ಕಲೋನಿಯಲ್ ಚರ್ಚ್ ಯೂನಿಯನ್ ಎಂಬ ಗುಂಪು ಕಟ್ಟಿದರು. ಅದರ ಮುಂದಾಳು ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಪಾದ್ರಿ ಜಾರ್ಜ್ ಬ್ರಿಡ್ಜಸ್. ಹೌದು, ಚರ್ಚು ಒಡೆಯಲು ಹೊರಟ ಗುಂಪಿಗೆ ಪಾದ್ರಿಯೇ ನಾಯಕ. ಫೆಬ್ರವರಿಯಲ್ಲಿ ಫಾಲ್ಮತ್ ಚರ್ಚನ್ನು ಕೆಡವಿದರು. ಅದಕ್ಕೆ ಮೊದಲು ಅಲ್ಲಿ ಬಿಡಾರ ಹೂಡಿದ್ದ ಸ್ಥಳೀಯ ಸೈನಿಕರೇ ಮುಂದೆ ನಿಂತು ಕೆಡವಿದರು. ಮಾಂಟೆಗೊ ಬೇ ಚರ್ಚೂ ಹೋಯಿತು, ಸಾಲ್ಟರ್ಸ್ ಹಿಲ್‌ನ ಹೊಸ ಚರ್ಚೂ ಹೋಯಿತು.

ಮಾಲೀಕರು ಮಾಡಿಕೊಂಡ ದೊಡ್ಡ ಎಡವಟ್ಟು ಇದೇ. ಕೇಸು ನಿಲ್ಲಲಿಲ್ಲ, ನಿಬ್ ಹೊರಬಂದ. ಈಗ ಅವನಿಗೆ ಚರ್ಚೂ ಇಲ್ಲ, ಸುಮ್ಮನಿರಲು ಕಾರಣವೂ ಇಲ್ಲ. ಸಭೆಗಳ ಪರವಾಗಿ ಇಂಗ್ಲೆಂಡಿಗೆ ಹಡಗು ಹತ್ತಿದ. 1832ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಸೊಸೈಟಿಯ ವಾರ್ಷಿಕ ಸಭೆ. ಹುಷಾರಾಗಿ ಮಾತಾಡು ಎಂದು ಕಾರ್ಯದರ್ಶಿ ಹಿಂದಿನಿಂದ ಕೋಟು ಜಗ್ಗಿದನಂತೆ. ಗುಲಾಮಗಿರಿ ಇರುವ ತನಕ ಅಲ್ಲಿ ಧರ್ಮದ ಕೆಲಸ ಸಾಧ್ಯವಿಲ್ಲ, ಬೇಕಿದ್ದರೆ ಹೆಂಡತಿ ಮಕ್ಕಳ ಕೈ ಹಿಡಿದು ಬರಿಗಾಲಲ್ಲಿ ದೇಶವೆಲ್ಲ ಸುತ್ತಿ ಹೇಳುತ್ತೇನೆ ಎಂದುಬಿಟ್ಟ. ಹಾಗೇ ಊರೂರು ಸುತ್ತಿದ. ಪಾರ್ಲಿಮೆಂಟಿನ ಎರಡೂ ಸದನಗಳ ಸಮಿತಿಗಳ ಮುಂದೆ ಸಾಕ್ಷಿ ಹೇಳಿದ. ಮಾಲೀಕರು ಕೂಲಿ ಕೊಟ್ಟು ಇಟ್ಟಿದ್ದ ಭಾಷಣಕಾರ ಪೀಟರ್ ಬಾರ್ತ್‌ವಿಕ್ ಜೊತೆ ಬಹಿರಂಗ ವಾದ ಮಾಡಿದ. ಕರಿಯರ ಚರ್ಚು ಒಡೆದ ಸುದ್ದಿ ಇಂಗ್ಲೆಂಡಿನ ಚರ್ಚುಗಳಿಗೆ ಹೋಗುವ ಜನರ ಹೊಟ್ಟೆ ಉರಿಸಿತು. ಚಾವಟಿಯ ಸುದ್ದಿಗಿಂತ ಇದು ಅವರಿಗೆ ಹತ್ತಿರದ ವಿಷಯ. ನನಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿ, ಆದರೆ ಇತಿಹಾಸ ಹಾಗೇ ನಡೆಯಿತು.

1833ರ ಆಗಸ್ಟ್‌ನಲ್ಲಿ ಕಾಯ್ದೆ ಬಂತು. ಇದಕ್ಕೆ ನಿಬ್ ಒಬ್ಬನೇ ಕಾರಣ ಎನ್ನುವುದು ಅತಿ. ಅರ್ಧ ಶತಮಾನದ ಚಳವಳಿ ಹಿಂದಿತ್ತು. 1832ರ ಚುನಾವಣಾ ಸುಧಾರಣೆಯಿಂದ ಪಾರ್ಲಿಮೆಂಟಿನಲ್ಲಿ ಮಾಲೀಕರ ಬಲ ಕುಗ್ಗಿತ್ತು. ಆದರೆ ಇನ್ನೊಂದು ಶಾರ್ಪ್ ಎದ್ದರೆ ದ್ವೀಪ ಉಳಿಯುವುದಿಲ್ಲ ಎಂಬ ಭಯ ಇಲ್ಲದಿದ್ದರೆ ಇನ್ನೂ ಹತ್ತು ವರ್ಷ ಎಳೆಯುತ್ತಿದ್ದರು ಎಂಬುದು ನನ್ನ ಲೆಕ್ಕಾಚಾರ. ಕಾಯ್ದೆಯಲ್ಲಿ ಮಾಲೀಕರಿಗೆ 2 ಕೋಟಿ ಪೌಂಡು ಪರಿಹಾರ. ದುಡಿದವರಿಗೆ ಒಂದು ಬಿಡಿಗಾಸೂ ಇಲ್ಲ. ಆ ದುಡ್ಡಿಗೆ ಬ್ರಿಟಿಷ್ ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ! ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಕಾಯ್ದೆಯಿಂದ ಹೊರಗಿಟ್ಟರು. ಅಂದರೆ ನಮ್ಮ ತುಳುನಾಡಿನ ಮೂಲದಾಳುಗಳಿಗೆ (ಜೀತದಾಳುಗಳಿಗೆ) 1833 ಲೆಕ್ಕಕ್ಕಿಲ್ಲ. ಇಲ್ಲಿ ಕಾನೂನು ಬರಲು 1843 ಆಗಬೇಕಾಯಿತು, ಅದೂ ಹೆಚ್ಚಾಗಿ ಕಾಗದದ ಮೇಲೆ.

ಜಮೈಕಾದಲ್ಲೂ 1834ರಲ್ಲಿ ಪೂರ್ತಿ ಬಿಡುಗಡೆ ಸಿಗಲಿಲ್ಲ. ಆರು ವರ್ಷದೊಳಗಿನ ಮಕ್ಕಳು ಮಾತ್ರ ಸ್ವತಂತ್ರರಾದರು. ಉಳಿದವರು ಅಪ್ರೆಂಟಿಸ್ ಎಂಬ ಹೊಸ ಹೆಸರಲ್ಲಿ ವಾರಕ್ಕೆ ನಲವತ್ತು ಗಂಟೆಗಿಂತ ಹೆಚ್ಚು ಬಿಟ್ಟಿ ದುಡಿಯಬೇಕು. ತಪ್ಪಿದರೆ ಸರ್ಕಾರಿ ಜೈಲಿನ ತುಳಿಯುವ ಚಕ್ರ. ಫಲಕದ ಮೇಲಿನ ಎರಡನೇ ಮುಖ, ಬರ್ಮಿಂಗ್‌ಹ್ಯಾಮ್‌ನ ಕ್ವೇಕರ್ ವ್ಯಾಪಾರಿ ಜೋಸೆಫ್ ಸ್ಟರ್ಜ್, ಸ್ವತಃ ದ್ವೀಪಗಳಿಗೆ ಹೋಗಿ ಇದನ್ನೆಲ್ಲ ನೋಡಿ ಬಂದು ಗಲಾಟೆ ಎಬ್ಬಿಸಿದ. 1840ರ ತನಕ ಇರಬೇಕಿದ್ದ ಪದ್ಧತಿ 1838ಕ್ಕೇ ಮುಗಿಯಿತು.

ಇಷ್ಟು ಹೊತ್ತಿಗೆ ಫಾಲ್ಮತ್‌ನಲ್ಲಿ ಹೊಸ ಚರ್ಚು ಎದ್ದಿತ್ತು. ನಿಮ್ಮ ಗೈಡ್ ಹೇಳಿದ್ದು ಆ ರಾತ್ರಿಯ ಕಥೆ. 1838ರ ಜುಲೈ 31. ಚರ್ಚು ಒಳಗೂ ಹೊರಗೂ ಜನ. ನಿಬ್ ಗೋಡೆಯ ಗಡಿಯಾರ ತೋರಿಸಿ, ಸಮಯ ಹತ್ತಿರ ಬಂತು, ರಾಕ್ಷಸ ಸಾಯುತ್ತಿದ್ದಾನೆ ಎಂದ. ಹನ್ನೆರಡನೇ ಗಂಟೆ ಹೊಡೆಯುತ್ತಿದ್ದಂತೆ ಕೂಗಿದ: ರಾಕ್ಷಸ ಸತ್ತ, ನೀಗ್ರೋ ಸ್ವತಂತ್ರ! ಕಟ್ಟಡವೇ ನಡುಗುವಂತೆ ಜನ ಕೂಗಿದರಂತೆ. ಬೆಳಗಾದ ಮೇಲೆ ಒಂದು ಶವಪೆಟ್ಟಿಗೆ ತಂದರು. ಅದರೊಳಗೆ ಸರಪಳಿ, ಚಾವಟಿ, ಕುತ್ತಿಗೆಗೆ ಹಾಕುವ ಕಬ್ಬಿಣದ ಪಟ್ಟಿ. ಮುಚ್ಚಳದ ಮೇಲೆ ಬರೆದಿತ್ತು: ವಸಾಹತು ಗುಲಾಮಗಿರಿ, ಮರಣ 1838 ಜುಲೈ 31, ವಯಸ್ಸು 276 ವರ್ಷ. ಜಾನ್ ಹಾಕಿನ್ಸ್ ಎಂಬ ಇಂಗ್ಲಿಷಿನವ ಆಫ್ರಿಕನ್ನರನ್ನು ಮಾರಲು ಹಡಗು ಹೊರಡಿಸಿದ್ದು 1562ರಲ್ಲಿ, ಅಲ್ಲಿಂದ ಲೆಕ್ಕ. ಹಾಡು ಹಾಡುತ್ತಾ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದರು, ಅದರ ಮೇಲೆ ಗಿಡ ನೆಟ್ಟರು. ಸಾವಿನ ಮನೆಯ ಶಾಸ್ತ್ರವನ್ನೆಲ್ಲ ಮಾಡಿ ಒಬ್ಬರೂ ಅಳದ ಮೆರವಣಿಗೆ!

ಮರುದಿನ ಬೆಳಗಾದರೆ ನಿಜವಾದ ತಾಪತ್ರಯ. ಸ್ವತಂತ್ರರಾದವರು ಇದ್ದ ಗುಡಿಸಲು ಮಾಲೀಕನದು, ತರಕಾರಿ ಬೆಳೆದುಕೊಳ್ಳುತ್ತಿದ್ದ ತುಂಡು ನೆಲವೂ ಮಾಲೀಕನದು. ಬಾಡಿಗೆ ಕೊಡಿ, ಇಲ್ಲ ನಾವು ಹೇಳಿದ ಕೂಲಿಗೆ ದುಡಿಯಿರಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದರು. ಈ ಘಟ್ಟದಲ್ಲಿ ಪಾದ್ರಿಗಳು ಮಾಡಿದ ಕೆಲಸಕ್ಕೆ ನಾನು ತುಂಬು ಮನಸ್ಸಿಂದ ಅಂಕ ಕೊಡುತ್ತೇನೆ. ಜಮೀನು ಮಾರಾಟಕ್ಕೆ ಬಂದಾಗ ಸದ್ದಿಲ್ಲದೆ ಬೇರೆಯವರ ಮೂಲಕ ಕೊಂಡು, ಸೈಟು ಮಾಡಿ, ಅಸಲಿಗೆ ಜನರಿಗೆ ಹಂಚಿದರು. ಜೇಮ್ಸ್ ಫಿಲಿಪ್ಪೊ ಎಂಬ ಪಾದ್ರಿ 1835ರಲ್ಲೇ 25 ಎಕರೆ ಕೊಂಡು ಸ್ಲಿಗೊವಿಲ್ ಶುರು ಮಾಡಿದ್ದ. ನಿಬ್ ಕಟ್ಟಿಸಿದ ಊರುಗಳಲ್ಲಿ ಒಂದಕ್ಕೆ ತನ್ನ ಹುಟ್ಟೂರು ಕೆಟರಿಂಗ್‌ನ ಹೆಸರು. ಇನ್ನೊಂದರ ಹೆಸರು ರೆಫ್ಯೂಜ್. ಸ್ವಂತ ನೆಲ ಇದ್ದವನು ಕೂಲಿಗೆ ಚೌಕಾಸಿ ಮಾಡಬಹುದು. ನೆಲ ಇದ್ದವನಿಗೆ ಓಟೂ ಬರುತ್ತಿತ್ತು. ತೋಟದ ಮಾಲೀಕರು ಪರಚಿಕೊಂಡಿದ್ದು ಇದಕ್ಕೇ.

ಅವರು ಕಂಡುಕೊಂಡ ಪರಿಹಾರ ನಮ್ಮ ದೇಶಕ್ಕೆ ತಟ್ಟಿತು. ಕೂಲಿ ದರ ಇಳಿಸಲು ಭಾರತದಿಂದ ಕರಾರಿನ ಮೇಲೆ ಆಳುಗಳನ್ನು ತರಿಸಿದರು. ಮೊದಲ ಹಡಗು ಬ್ಲಂಡೆಲ್ 1845ರ ಮೇ ತಿಂಗಳಲ್ಲಿ ಓಲ್ಡ್ ಹಾರ್ಬರ್ ಬೇ ತಲುಪಿತು. ಬಿಡುಗಡೆಯಾದವರ ತೆರಿಗೆ ಹಣದಲ್ಲಿ ಅವರ ಕೂಲಿಯನ್ನೇ ಇಳಿಸುವ ಈ ಯೋಜನೆಯನ್ನು ಬ್ಯಾಪ್ಟಿಸ್ಟ್ ಪಾದ್ರಿಗಳು ವಿರೋಧಿಸಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ನಿಬ್ ಹಳದಿ ಜ್ವರದಿಂದ ತೀರಿಕೊಂಡ. ವಯಸ್ಸು 42. ಸಮಾಧಿ ಫಾಲ್ಮತ್ ಚರ್ಚಿನ ಅಂಗಳದಲ್ಲೇ ಇದೆ. ನೀವು ಒಳಗೆ ನಿಂತಿದ್ದ ಕಟ್ಟಡ ಮಾತ್ರ ಅವನ ಕಾಲದ್ದಲ್ಲ. 1944ರ ಚಂಡಮಾರುತಕ್ಕೆ ಹಳೆಯದು ಬಿದ್ದುಹೋಗಿ ಆಮೇಲೆ ಮತ್ತೆ ಕಟ್ಟಿದ್ದು.

ಈಗ ಅಳಿಯಂದಿರ ವಾದ. ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ, ಪೋಪ್ ಇಲ್ಲ. ಒಂದೊಂದು ಸಭೆಯೂ ತನಗೆ ತಾನೇ ದೊರೆ. ಹಾಗಾಗಿ ಬ್ಯಾಪ್ಟಿಸ್ಟರ ನಿಲುವು ಎಂಬ ಒಂದೇ ನಿಲುವು ಎಂದೂ ಇರಲಿಲ್ಲ. ಸಭೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ನಿಲುವು. ಜಮೈಕಾದ ಸಭೆಗಳಲ್ಲಿ ಕೂತವರು ಗುಲಾಮರು. ಅಮೆರಿಕದ ದಕ್ಷಿಣದ ದೊಡ್ಡ ಸಭೆಗಳಲ್ಲಿ ಮುಂದಿನ ಸಾಲು ಯಜಮಾನರದ್ದು. ಗುಲಾಮರನ್ನು ಇಟ್ಟುಕೊಂಡವರನ್ನು ಮಿಷನರಿಯಾಗಿ ಕಳಿಸುವುದಿಲ್ಲ ಎಂದು ಮಿಷನ್ ಮಂಡಳಿ ಹೇಳಿದ್ದಕ್ಕೆ ದಕ್ಷಿಣದವರು 1845ರ ಮೇ ತಿಂಗಳಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಸೇರಿ ಬೇರೆಯಾದರು. ಅದೇ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್. ಗುಲಾಮಗಿರಿಯನ್ನು ಸಮರ್ಥಿಸಿದ್ದು ತಪ್ಪು ಎಂದು ಅವರು ಅಧಿಕೃತವಾಗಿ ಕ್ಷಮೆ ಕೇಳಿದ್ದು 150 ವರ್ಷ ಕಳೆದು, 1995ರಲ್ಲಿ. ಬೆಂಗಳೂರಿನ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು 1973ರಲ್ಲಿ ಶುರು ಮಾಡಿದ್ದೂ ಇದೇ ಕನ್ವೆನ್ಷನ್‌ನ ಮಿಷನ್. ಅಳಿಯಂದಿರಿಗೆ ಗೊತ್ತಿಲ್ಲದಿದ್ದರೆ ಹೇಳಿ.

ಜಮೈಕಾದಲ್ಲೂ ಕಥೆ 1838ಕ್ಕೆ ಮುಗಿಯಲಿಲ್ಲ. ಇಂಗ್ಲಿಷ್ ಪಾದ್ರಿಗಳ ಹಿಡಿತ ಒಪ್ಪದೆ ತಮ್ಮ ಪಾಡಿಗೆ ಉಳಿದ ಸಭೆಗಳನ್ನು ನೇಟಿವ್ ಬ್ಯಾಪ್ಟಿಸ್ಟ್ ಎನ್ನುತ್ತಿದ್ದರು. ಅಂಥ ಒಂದು ಸಭೆಯ ಡೀಕನ್ ಪಾಲ್ ಬೋಗಲ್. 1865ರಲ್ಲಿ ಮೊರಂಟ್ ಬೇ ಎಂಬಲ್ಲಿ ನ್ಯಾಯ ಕೇಳಲು ಜನರನ್ನು ಕಟ್ಟಿಕೊಂಡು ಹೋದ, ಅವನನ್ನೂ ಗಲ್ಲಿಗೇರಿಸಿದರು. ಅವನ ಪರ ಇದ್ದ ಜಾರ್ಜ್ ವಿಲಿಯಂ ಗಾರ್ಡನ್‌ನನ್ನೂ ಗಲ್ಲಿಗೇರಿಸಿದರು. ಜಮೈಕಾ ಏಳು ಜನರನ್ನು ರಾಷ್ಟ್ರವೀರರು ಎಂದು ಗೌರವಿಸುತ್ತದೆ. ಅವರಲ್ಲಿ ಶಾರ್ಪ್, ಬೋಗಲ್, ಗಾರ್ಡನ್ ಮೂವರೂ ಬ್ಯಾಪ್ಟಿಸ್ಟರು, ಮೂವರೂ ಗಲ್ಲು ಕಂಡವರು. ನಿಬ್‌ಗೂ 1988ರಲ್ಲಿ ಜಮೈಕಾದ ಆರ್ಡರ್ ಆಫ್ ಮೆರಿಟ್ ಗೌರವ ಕೊಟ್ಟರು.

ಶಾರ್ಪ್‌ನ ಮುಖ ಆ ಕಲ್ಲಿನ ಮೇಲೆ ಯಾಕಿಲ್ಲ ಎಂದು ಈಗ ನಿಮಗೇ ಹೊಳೆದಿರಬೇಕು. ಫಲಕ ಕೆತ್ತಿಸಿದಾಗ ಸರ್ಕಾರದ ಕಡತದಲ್ಲಿ ಅವನಿನ್ನೂ ದಂಗೆಕೋರ. ಗಲ್ಲಿಗೇರಿಸಿ ಹತ್ತು ವರ್ಷವೂ ಆಗಿರಲಿಲ್ಲ. ದಂಗೆಗೂ ನಮಗೂ ಸಂಬಂಧ ಇಲ್ಲ ಎಂದು ಲಂಡನ್ನಿನಲ್ಲಿ ಹೇಳಿ ಹೇಳಿ ಪಾದ್ರಿಗಳು ತಮ್ಮ ಸಭೆಗಳನ್ನು ಉಳಿಸಿಕೊಂಡಿದ್ದರು. ಹಾಗಾಗಿ ಗೋಡೆಗೆ ಹೋಗಿದ್ದು ಯಾರಿಗೂ ತಕರಾರಿಲ್ಲದ ಮೂರು ಮುಖ. ರಾಷ್ಟ್ರವೀರ ಎಂಬ ಪಟ್ಟ ಶಾರ್ಪ್‌ಗೆ ಸಿಕ್ಕಿದ್ದು 1975ರಲ್ಲಿ.

ಇನ್ನೊಮ್ಮೆ ಆ ಕಡೆ ಹೋದರೆ ಫಾಲ್ಮತ್‌ನಲ್ಲಿ ಇಳಿದವರು ಟ್ಯಾಕ್ಸಿ ಹಿಡಿದು ಮಾಂಟೆಗೊ ಬೇಗೆ ಹೋಗಿ, ಕರಾವಳಿ ರಸ್ತೆಯಲ್ಲಿ ಒಂದು ಗಂಟೆಯೊಳಗಿನ ದಾರಿ. ಗಲ್ಲು ನೆಟ್ಟಿದ್ದ ಚೌಕಕ್ಕೆ ಈಗ ಸ್ಯಾಮ್ ಶಾರ್ಪ್ ಸ್ಕ್ವೇರ್ ಎಂದೇ ಹೆಸರು. ಅಲ್ಲಿ ಶಾರ್ಪ್ ಬೈಬಲ್ ಹಿಡಿದು ಜನರಿಗೆ ಹೇಳುತ್ತಿರುವ ಕಂಚಿನ ಪ್ರತಿಮೆಗಳಿವೆ. ಪಕ್ಕದಲ್ಲೇ ಓಡಿಹೋದ ಗುಲಾಮರನ್ನು ಕೂಡಿಹಾಕುತ್ತಿದ್ದ ಸಣ್ಣ ಜೈಲು. ಬರ್ಚೆಲ್ ಹೆಸರಿನ ಚರ್ಚೂ ಅದೇ ಊರಲ್ಲಿದೆ. ಶಾರ್ಪ್‌ನನ್ನು ಮೊದಲು ಬಂದರಿನ ಮರಳಲ್ಲಿ ಹೂತಿದ್ದರು, ಆಮೇಲೆ ಜನ ಅವನ ಅಸ್ಥಿ ತಂದು ಆ ಚರ್ಚಿನ ವೇದಿಕೆಯ ಕೆಳಗೆ ಇಟ್ಟರು ಎನ್ನುತ್ತಾರೆ. ಹಡಗು ಬೇಡ ಅನಿಸಿದರೆ ಫ್ಲೋರಿಡಾದ ಪಕ್ಕದ ಜಾರ್ಜಿಯಾದಲ್ಲೇ ಸವಾನಾ ಊರಿದೆ. ಅಲ್ಲಿನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ಸಭೆಯನ್ನು ಕಟ್ಟಿದ ಆಂಡ್ರ್ಯೂ ಬ್ರಯನ್ ಕೂಡ ಗುಲಾಮನೇ. ಅವನಿಗೆ ದೀಕ್ಷಾಸ್ನಾನ ಮಾಡಿಸಿದವನು ಜಮೈಕಾಕ್ಕೆ ಹೊರಡುವ ಮುಂಚಿನ ಜಾರ್ಜ್ ಲೈಲ್. ಆ ಚರ್ಚಿನ ನೆಲದ ಹಲಗೆಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ. ಓಡಿಬಂದವರು ಕೆಳಗೆ ಅಡಗಿದ್ದಾಗ ಉಸಿರಾಡಲು ಕೊರೆದದ್ದು ಎಂದು ಸಭೆಯವರು ಹೇಳುತ್ತಾರೆ. ಅಳಿಯಂದಿರನ್ನು ಜೊತೆಗೇ ಕರೆದುಕೊಂಡು ಹೋಗಿ.